ಗುಣ ಆದ್ರೆ ಚಿತ್ರ ಬಿಡಿಸೋದು ನಿಂತೋಗುತ್ತಾ?

ಪ್ರಶ್ನೆ: ನಂಗೆ 22 ವರ್ಷ. ಇಲಸ್ಟ್ರೇಶನ್ ಮಾಡ್ತೀನಿ, ಸ್ವಲ್ಪ ಬರೀತೀನಿ ಕೂಡ. ಏಳೆಂಟು ತಿಂಗಳಿಂದ ಮನಸ್ಸು ಸರಿ ಇಲ್ಲ. ವಾರಕ್ಕೊಂದು ಪುಸ್ತಕ ಓದಿ ಮುಗಿಸ್ತಿದ್ದೋಳು ನಾನು, ಈಗ ಒಂದೇ ಪುಟಾನ ನಾಲ್ಕು ಸಲ ಓದಿದ್ರೂ ತಲೆಗೆ ಹೋಗಲ್ಲ. ದಿನಾ ಡೈರಿ ಬರೀತೀನಿ, ಬರೆದ್ಮೇಲೆ ಇನ್ನೂ ಭಾರ ಅನ್ಸುತ್ತೆ. ವಿಚಿತ್ರ ಅಂದ್ರೆ ನಾನು ತುಂಬಾ ಕುಗ್ಗಿದ್ದಾಗ ಮಾಡಿದ ಚಿತ್ರಗಳನ್ನೇ ಜನ ಜಾಸ್ತಿ ಮೆಚ್ಕೊಂಡಿದ್ದು. ಡಾಕ್ಟರ್ ಡಿಪ್ರೆಶನ್ ಅಂತ ಮಾತ್ರೆ ಬರ್ಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಮಾತ್ರೆ ತಗೊಂಡು ಆರಾಮಾಗ್ಬಿಟ್ರೆ ನನ್ನೊಳಗೆ ಚಿತ್ರ ಮಾಡೋದೇ ಏನಿದ್ಯೋ ಅದೂ ಹೋಗ್ಬಿಟ್ರೆ? ಅಥವಾ ಇದೆಲ್ಲ ಬರೀ ಸೋಮಾರಿತನಾನಾ? ಅರ್ಧಕ್ಕೆ ನಿಂತಿರೋ ಹದಿನಾಲ್ಕು ಚಿತ್ರ ಇವೆ, ನೋಡಿದ್ರೆ ಸಿಟ್ಟು ಬರುತ್ತೆ, ಹರಿದು ಬಿಸಾಕ್ಲಾ?

ಉತ್ತರ: ನೀವು ಮಾತ್ರೆ ವಿಷಯಾನೇ ದೊಡ್ಡದಾಗಿ ಕೇಳಿದೀರ, ಆದ್ರೆ ನನ್ನ ಕಣ್ಣಿಗೆ ಮೊದ್ಲು ಬಿದ್ದಿದ್ದು ಆ ಪುಟದ ವಿಷಯ, ನಾಲ್ಕು ಸಲ ಓದಿದ್ರೂ ತಲೆಗೆ ಹೋಗದ ಪುಟ. ನನ್ನ ಹತ್ರ ಬರೋ ಓದೋ ಹುಚ್ಚಿರೋ ಹುಡುಗ್ರು ಹುಡುಗೀರು ಬೇಜಾರಾಗಿದೆ ಅಂತ ಶುರು ಮಾಡೋದೇ ಕಮ್ಮಿ, ಓದೋಕಾಗ್ತಿಲ್ಲ ಅಂತಾನೇ ಶುರು ಮಾಡ್ತಾರೆ, ಅದೂ ಏನೋ ತಪ್ಪು ಮಾಡಿದೋರ ಥರ ತಲೆ ತಗ್ಗಿಸ್ಕೊಂಡು.

ಓದೋದು ಅಂದ್ರೆ ಅಕ್ಷರದ ಮೇಲೆ ಕಣ್ಣು ಓಡಿಸೋದು ಅಷ್ಟೇ ಅಲ್ವಲ್ಲ. ವಾಕ್ಯದ ಕೊನೆ ಮುಟ್ಟೋವರೆಗೂ ಅದರ ಶುರು ನೆನಪಲ್ಲಿರ್ಬೇಕು, ಈ ಪಾತ್ರ ಹೋದ ಅಧ್ಯಾಯದಲ್ಲಿ ಏನು ಮಾಡಿತ್ತು ಅನ್ನೋದು ಹಿಂದೆ ಎಲ್ಲೋ ಎಚ್ಚರವಾಗಿರ್ಬೇಕು, ಅಷ್ಟೆಲ್ಲ ಒಟ್ಟಿಗೆ ಹಿಡ್ಕೊಳ್ಳೋಕೆ ತಲೇಲಿ ಒಂದು ಚಿಕ್ಕ ಜಾಗ ಇರುತ್ತೆ, ವರ್ಕಿಂಗ್ ಮೆಮೊರಿ ಅಂತೀವಿ. ಅದು ನಿಜವಾಗ್ಲೂ ಚಿಕ್ಕದು. ಡಿಪ್ರೆಶನ್ ಬಂದಾಗ ಆ ಜಾಗದಲ್ಲಿ ಬೇರೆ ಯಾರೋ ಬಂದು ಚಾಪೆ ಹಾಸ್ಕೊಂಡು ಮಲ್ಕೊಂಡಿರ್ತಾರೆ, ನಾನ್ಯಾಕೆ ಹಿಂಗೆ, ಅವತ್ತು ಹಂಗಂದಿದ್ದು ತಪ್ಪಾಯ್ತಾ, ಇನ್ಮೇಲೆ ಏನು, ಇದೇ ಮಾತು ಸುತ್ತಿ ಸುತ್ತಿ. ಕತೆ ಬಂದು ಕೂರೋಕೆ ಜಾಗ ಎಲ್ಲಿದೆ? ಅದಕ್ಕೇನೇ ಡಿಪ್ರೆಶನ್ ಗುರುತಿಸೋಕೆ ಡಾಕ್ಟ್ರುಗಳು ಬಳಸೋ ಒಂಬತ್ತು ಲಕ್ಷಣಗಳ ಪಟ್ಟೀಲಿ ಗಮನ ಕೊಡೋಕಾಗದೇ ಇರೋದೂ ಒಂದು. ಒಂಬತ್ತರಲ್ಲಿ ಐದಾದ್ರೂ ಇರ್ಬೇಕು, ಹೆಚ್ಚುಕಮ್ಮಿ ದಿನಾ ಇರ್ಬೇಕು, ಎರಡು ವಾರ ಆಗಿರ್ಬೇಕು, ಮತ್ತೆ ಆ ಐದರಲ್ಲಿ ಕುಗ್ಗಿದ ಮನಸ್ಸು ಅಥವಾ ಯಾವುದ್ರಲ್ಲೂ ಆಸಕ್ತಿ ಇಲ್ಲದೇ ಇರೋದು, ಎರಡರಲ್ಲಿ ಒಂದು ಇರ್ಲೇಬೇಕು, ಲೆಕ್ಕ ಅದು. ನಿಮ್ದು ಏಳೆಂಟು ತಿಂಗಳು.

ಸೋಮಾರಿತನಾನಾ ಅಂತ ಕೇಳಿದ್ರಲ್ಲ, ಸೋಮಾರಿಗಳು ಕೆಲಸ ತಪ್ಪಿಸ್ಕೊಂಡು ಮಲ್ಕೊಂಡಾಗ ಆರಾಮಾಗಿರ್ತಾರೆ ಕಣ್ರೀ. ನೀವು ಮಲ್ಕೊಂಡಾಗ ಆರಾಮಾಗಿದೀರಾ? ಇಲ್ಲ ಅಂದ್ರೆ ಆ ಪ್ರಶ್ನೆ ಅಲ್ಲಿಗೆ ಮುಗೀತು. (ಡಾಕ್ಟರ್ ರಕ್ತ ಪರೀಕ್ಷೆ ಮಾಡ್ಸಿಲ್ಲ ಅಂದ್ರೆ ಒಂದ್ಸಲ ಕೇಳಿ, ಥೈರಾಯ್ಡ್ ಕಮ್ಮಿ ಇದ್ರೂ, ಬಿ12 ಕೊರತೆ ಇದ್ರೂ, ರಕ್ತಹೀನತೆ ಇದ್ರೂ ಇದೇ ಥರ ಸುಸ್ತು, ಮಂಕು, ಮರೆವು ಎಲ್ಲ ಬರುತ್ತೆ.) ಈ ವಯಸ್ಸಲ್ಲೇ ಯಾಕೆ ಬಂತು ಅನ್ನೋದಾದ್ರೆ, ಬರೋ ವಯಸ್ಸೇ ಇದು. ಜೀವನದಲ್ಲಿ ಎಂದಾದ್ರೂ ಮಾನಸಿಕ ಕಾಯಿಲೆ ಬರೋರಲ್ಲಿ ಮುಕ್ಕಾಲು ಪಾಲು ಜನಕ್ಕೆ 24 ವರ್ಷದೊಳಗೇ ಶುರುವಾಗಿರುತ್ತೆ ಅಂತ 2005ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಸರ್ವೆ ತೋರಿಸ್ತು.

ಈಗ ನಿಮ್ಮ ನಿಜವಾದ ಭಯಕ್ಕೆ ಬರ್ತೀನಿ.

ನೋವಿದ್ರೇನೇ ಕಲೆ ಅನ್ನೋ ನಂಬಿಕೆ ಇವತ್ತಿಂದಲ್ಲ, ದೊಡ್ಡ ದೊಡ್ಡ ಕವಿಗಳು, ಕಲಾವಿದರೆಲ್ಲ ಯಾಕೆ ವಿಷಾದದ ಸ್ವಭಾವದೋರೇ ಆಗಿರ್ತಾರೆ ಅನ್ನೋ ಪ್ರಶ್ನೆ ಅರಿಸ್ಟಾಟಲ್ ಹೆಸರಲ್ಲಿರೋ ಹಳೇ ಗ್ರೀಕ್ ಬರಹದಲ್ಲೇ ಇದೆ. ಪೂರ್ತಿ ಸುಳ್ಳು ಅಂತ ನಾನೂ ಹೇಳಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯೋರು ಸುಮಾರು 12 ಲಕ್ಷ ರೋಗಿಗಳು ಮತ್ತೆ ಅವರ ಸಂಬಂಧಿಕರ 40 ವರ್ಷದ ದಾಖಲೆ ಇಟ್ಕೊಂಡು ನೋಡಿದ್ರು, 2013ರಲ್ಲಿ ಬಂತು ಅದು. ಒಟ್ಟಾರೆ ನೋಡಿದ್ರೆ ಕಲೆ, ವಿಜ್ಞಾನದಂಥ ಸೃಜನಶೀಲ ಕೆಲಸ ಮಾಡೋರಿಗೆ ಮಾನಸಿಕ ಕಾಯಿಲೆ ಬೇರೆಯವರಿಗಿಂತ ಜಾಸ್ತಿ ಏನಿಲ್ಲ, ಬೈಪೋಲಾರ್ (ಮನಸ್ಸು ಕೆಲವು ದಿನ ವಿಪರೀತ ಏರಿ, ಕೆಲವು ದಿನ ಕುಸಿಯೋ ಕಾಯಿಲೆ) ಒಂದನ್ನ ಬಿಟ್ಟು. ಆದ್ರೆ ಬರಹಗಾರರನ್ನ ಮಾತ್ರ ಬೇರೆಯಾಗಿ ನೋಡಿದಾಗ ಡಿಪ್ರೆಶನ್, ಆತಂಕ, ಚಟ, ಆತ್ಮಹತ್ಯೆ ಎಲ್ಲಾ ಜಾಸ್ತಿ ಇತ್ತು. ಇನ್ನೊಂದು ವಿಷಯ ನಂಗೆ ತುಂಬಾ ಮುಖ್ಯ ಅನ್ಸಿದ್ದು, ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸೋ, ಇಲ್ಲದ್ದನ್ನ ನಂಬೋ ಥರದ ಕಾಯಿಲೆ), ಬೈಪೋಲಾರ್ ಥರದ ಕಾಯಿಲೆ ಇರೋರ ಒಡಹುಟ್ಟಿದೋರು, ತಂದೆತಾಯಿ, ಮಕ್ಕಳು ಇದಾರಲ್ಲ, ತಮಗೆ ಕಾಯಿಲೆ ಇಲ್ಲದೋರು, ಅವರು ಸೃಜನಶೀಲ ಕೆಲಸಗಳಲ್ಲಿ ಹೆಚ್ಚಾಗಿ ಸಿಕ್ಕಿದ್ರು. ಅಂದ್ರೆ ಸೂಕ್ಷ್ಮವಾಗಿ ಗ್ರಹಿಸೋ ಗುಣ ಏನೋ ಮನೆತನದಲ್ಲಿ ಹರಿದು ಬರ್ತಿರ್ಬಹುದು, ಅದು ಕಲೆಗೆ ಸಹಾಯಾನೂ ಮಾಡ್ಬಹುದು, ಕಾಯಿಲೆ ಬೀಳದೇನೇ ಮಾಡುತ್ತೆ. ನಿಮ್ಮೊಳಗೆ ಚಿತ್ರ ಮಾಡೋದು ಆ ಸೂಕ್ಷ್ಮತೆ. ಡಿಪ್ರೆಶನ್ ಅದ್ರ ಪಕ್ಕದಲ್ಲೇ ಬೆಳ್ದಿರೋ ಕಳೆ, ಬೇರು ಹೆಣ್ಕೊಂಡಿರೋದ್ರಿಂದ ಎರಡೂ ಒಂದೇ ಗಿಡ ಅನ್ನೋ ಥರ ಕಾಣುತ್ತೆ ಅಷ್ಟೇ.

ಚಿತ್ರಕಾರ ವ್ಯಾನ್ ಗೋ ಹೆಸ್ರು ಹೇಳ್ತೀರೇನೋ ನೀವು, ಎಲ್ಲರೂ ಹೇಳ್ತಾರೆ. ಅವನು 1889ರ ಮೇ ತಿಂಗಳಲ್ಲಿ ತಾನಾಗೇ ಹೋಗಿ ಸೇಂಟ್ ರೆಮಿ ಅನ್ನೋ ಊರಿನ ಮಾನಸಿಕ ಆಸ್ಪತ್ರೆ ಸೇರ್ಕೊಂಡ, ಅಲ್ಲಿದ್ದ ಒಂದು ವರ್ಷದಲ್ಲಿ ಹತ್ತಿರತ್ತಿರ 150 ಪೇಂಟಿಂಗ್ ಮಾಡಿದ. ನೋಡಿದ್ರಾ, ಹುಚ್ಚಲ್ಲೇ ಮಾಡಿದ್ದು ಅಂತಾರೆ ಜನ. ಅಲ್ಲ. ಕಾಯಿಲೆ ಕೆರಳಿದಾಗ ವಾರಗಟ್ಟಲೆ ಅವನಿಗೆ ಬ್ರಶ್ ಹಿಡಿಯೋಕೆ ಆಗ್ತಿರ್ಲಿಲ್ಲ, ಹೆಚ್ಚಿನ ಚಿತ್ರಗಳು ಆಗಿದ್ದು ಮಧ್ಯೆ ಮಧ್ಯೆ ತಲೆ ತಿಳಿಯಾಗಿದ್ದ ದಿನಗಳಲ್ಲಿ. ಈ ಹಾಳು ಕಾಯಿಲೆ ಇಲ್ದೇ ಕೆಲಸ ಮಾಡೋ ಹಾಗಿದ್ರೆ ಇನ್ನೂ ಏನೇನೆಲ್ಲ ಮಾಡ್ಬಹುದಿತ್ತು ಅನ್ನೋ ಅರ್ಥದಲ್ಲಿ ತಮ್ಮನಿಗೆ ಅವನೇ ಕಾಗದ ಬರೆದಿದ್ದಾನೆ. 37ಕ್ಕೇ ಹೋದ.

ನಿಮ್ಮ ಪ್ರಶ್ನೆಗೆ ಅವನಿಗಿಂತ ಹತ್ರದೋನು ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್, ಯಾಕಂದ್ರೆ ಅವನಿಗೂ ಡಿಟ್ಟೋ ನಿಮ್ಮ ಭಯಾನೇ ಇತ್ತು, ನನ್ನ ಸಂಕಟ ನನ್ನದೇ ಭಾಗ, ಅದಕ್ಕೆ ಚಿಕಿತ್ಸೆ ಮಾಡಿದ್ರೆ ನನ್ನ ಕಲೆ ನಾಶ ಆಗುತ್ತೆ ಅಂತಿದ್ದ. 1908ರಲ್ಲಿ, ಕುಡಿತ ಬೇರೆ ಸೇರ್ಕೊಂಡು, ಪೂರ್ತಿ ಕುಸಿದುಬಿದ್ದು ಕೋಪನ್‌ಹೇಗನ್ನಿನ ಒಂದು ಕ್ಲಿನಿಕ್ ಸೇರಿ ಸುಮಾರು ಎಂಟು ತಿಂಗಳು ಇದ್ದ. ಆಮೇಲೆ? ಕುಡಿತ ಬಿಟ್ಟ, ಬಣ್ಣಗಳು ತಿಳಿಯಾದ್ವು, ಓಸ್ಲೋ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ದೊಡ್ಡ ದೊಡ್ಡ ಭಿತ್ತಿಚಿತ್ರ ಮಾಡಿದ, 1944ರವರೆಗೆ, 80 ವರ್ಷ ಬದುಕಿ ಕೊನೇವರೆಗೂ ಕೆಲಸ ಮಾಡ್ತಾನೇ ಇದ್ದ. ಮೊದಲಿನ ತೀವ್ರತೆ ಆಮೇಲಿನ ಚಿತ್ರಗಳಲ್ಲಿಲ್ಲ ಅನ್ನೋ ವಿಮರ್ಶಕರೂ ಇದಾರೆ, ಅದನ್ನ ಮುಚ್ಚಿಡಲ್ಲ ನಾನು, ನಿಮ್ಮ ಚಿತ್ರಗಳೂ ಬದಲಾಗ್ಬಹುದು. ಆದ್ರೆ 22ರಲ್ಲಿ ಮಾಡಿದ ಥರಾನೇ 35ರಲ್ಲೂ ಮಾಡೋರು ಯಾರು, ಕಾಯಿಲೆ ಇದ್ರೂ ಇಲ್ದಿದ್ರೂ? ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅಂತೂ 1977ರಿಂದ ತನ್ನ ಇಷ್ಟದಿಂದಾನೇ ಮಾನಸಿಕ ಆಸ್ಪತ್ರೇಲಿ ಉಳ್ಕೊಂಡು, ಅಲ್ಲಿಂದ ಹತ್ರದ ಸ್ಟುಡಿಯೋಗೆ ಹೋಗಿ ಕೆಲಸ ಮಾಡೋದನ್ನೇ ದಿನಚರಿ ಮಾಡ್ಕೊಂಡ್ರು. ಚಿಕಿತ್ಸೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ಎರಡಕ್ಕೂ ಜಗಳ ಇಲ್ಲ.

ಜನ ಕುಗ್ಗಿದ ಚಿತ್ರಗಳನ್ನೇ ಮೆಚ್ಚಿದ್ರು ಅಂದ್ರಲ್ಲ, ಅದ್ರಲ್ಲಿ ಒಂದು ಲೆಕ್ಕ ತಪ್ಪಿದೆ ಅಂತ ನಂಗನ್ಸುತ್ತೆ. ನೀವು ಮುಗಿಸಿ ಹೊರಗೆ ಹಾಕಿದ ಚಿತ್ರಗಳನ್ನ ಮಾತ್ರ ಎಣಿಸ್ತಿದೀರ. ಅರ್ಧಕ್ಕೆ ನಿಂತ ಹದಿನಾಲ್ಕು ಯಾವಾಗಿಂದು? ಅವೂ ಇದೇ ಏಳೆಂಟು ತಿಂಗಳಿಂದಾದ್ರೆ ಡಿಪ್ರೆಶನ್ ನಿಮಗೆ ನಾಲ್ಕೈದು ಒಳ್ಳೇ ಚಿತ್ರ ಕೊಟ್ಟು ಹದಿನಾಲ್ಕು ತಿಂದು ಹಾಕಿದೆ. ಜೊತೆಗೆ ಮೆಚ್ಚುಗೆ ಅನ್ನೋದು ಒಂದು ತರಬೇತಿ, ನಾವು ಒಪ್ಪಿದ್ರೂ ಬಿಟ್ರೂ. ನೋವು ತೋರಿಸಿದಾಗೆಲ್ಲ ಲೈಕು ಸಿಗ್ತಾ ಹೋದ್ರೆ, ಆರಾಮಾಗಿದ್ದ ದಿನ ನಾನು ಸುಳ್ಳೇನೋ ಅನ್ನೋ ಅನುಮಾನ ಶುರುವಾಗುತ್ತೆ, ಇದನ್ನ ತುಂಬಾ ಜನರಲ್ಲಿ ನೋಡಿದೀನಿ, ಕೊನೆಗೆ ಸರಿಹೋಗೋದಕ್ಕೇ ಗಿಲ್ಟು. ಒಂದೆರಡು ತಿಂಗಳು ಮಾಡಿದ್ದನ್ನ ಯಾರಿಗೂ ತೋರಿಸ್ದೇ ಇಟ್ಕೊಳ್ಳೋಕಾಗುತ್ತಾ ನೋಡಿ, ಅಥವಾ ಒಬ್ಬರೇ ಒಬ್ಬರಿಗೆ ತೋರ್ಸಿ, ಎಣಿಸೋಕಾಗದ ಥರ.

ಮಾತ್ರೆ. ಡಿಪ್ರೆಶನ್‌ಗೆ ಸಾಮಾನ್ಯವಾಗಿ ಮೊದ್ಲು ಕೊಡೋದು ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನವು, ನಿಮ್ಮ ಚೀಟೀಲಿರೋದು ಅದೇನಾ ಅಂತ ಡಾಕ್ಟ್ರನ್ನೇ ಕೇಳಿ. ಇವು ತಲೆನೋವಿನ ಮಾತ್ರೆ ಥರ ಅರ್ಧ ಗಂಟೇಲಿ ಗೊತ್ತಾಗಲ್ಲ, ಎರಡರಿಂದ ಆರು ವಾರ ಹಿಡಿಯುತ್ತೆ, ಆದ್ರೆ ವಾಕರಿಕೆ, ಚಡಪಡಿಕೆ, ನಿದ್ದೆ ಏರುಪೇರು ಥರದ್ದು ಮೊದಲ ವಾರಾನೇ ಬಂದ್ಬಿಡ್ಬಹುದು, ಅದಕ್ಕೇ ಸುಮಾರು ಜನ ಲಾಭ ಕಾಣೋ ಮೊದ್ಲೇ ಬಿಟ್ಬಿಡ್ತಾರೆ. ನೀವು 25ಕ್ಕಿಂತ ಚಿಕ್ಕವರಾದ್ರಿಂದ ಇನ್ನೊಂದು ಮಾತು ಹೇಳ್ಲೇಬೇಕು. ಈ ವಯಸ್ಸಿನ ಕೆಲವರಲ್ಲಿ ಶುರುವಿನ ವಾರಗಳಲ್ಲಿ ಸಾಯೋ ಯೋಚನೆ, ಚಡಪಡಿಕೆ ಜಾಸ್ತಿ ಆಗೋದುಂಟು, ಹಂಗಂತ ಹೆದರಿ ಬಿಡೋದಲ್ಲ, ಆ ದಿನಗಳಲ್ಲಿ ಮನೇಲಿ ಒಬ್ಬರಿಗಾದ್ರೂ ವಿಷಯ ಗೊತ್ತಿರ್ಬೇಕು, ಡಾಕ್ಟ್ರನ್ನ ಬೇಗ ಬೇಗ ನೋಡ್ಬೇಕು. ಈಗಾಗ್ಲೇ ಅಂಥ ಯೋಚನೆ ಬರ್ತಿದೆ ಅಂದ್ರೆ ಈ ಉತ್ತರ ಓದಿ ಮುಗಿಸೋಕೂ ಕಾಯ್ಬೇಡಿ, ಈಗಲೇ ಹತ್ತಿರದೋರಿಗೆ ಹೇಳಿ, ನಿಮ್ಮಲ್ಲಿರೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ಇಲ್ಲಾಂದ್ರೆ ಆಸ್ಪತ್ರೆಗೆ ಹೋಗಿ.

ಮಾತ್ರೆ ತಗೊಂಡ್ರೆ ಬ್ಲಾಂಕ್ ಆಗ್ತೀನಾ ಅನ್ನೋದು ಕಲ್ಪನೆಯ ಭಯ ಅಂತ ತಳ್ಳಿಹಾಕೋ ಡಾಕ್ಟ್ರುಗಳಿದಾರೆ, ನಂಗದು ಸರಿಬರಲ್ಲ. ಈ ಮಾತ್ರೆಗಳಲ್ಲಿ ಕೆಲವರಿಗೆ ಭಾವನೆ ಮಂಕಾದ ಹಾಗೆ, ಅಳುನೂ ಬರಲ್ಲ ನಗುನೂ ಬರಲ್ಲ ಅನ್ನೋ ಥರ ಆಗೋದು ನಿಜ. ಆದ್ರೆ ಅದಕ್ಕೆ ದಾರಿ ಇದೆ, ಡೋಸ್ ಕಮ್ಮಿ ಮಾಡ್ಬಹುದು, ಬೇರೆ ಔಷಧಿಗೆ ಬದಲಾಯಿಸ್ಬಹುದು, ಮಾತಿನ ಥೆರಪಿ ಜೊತೆಗೆ ಸೇರಿಸ್ಬಹುದು. ನೀವೇ ನೀವಾಗಿ ತಟ್ಟಂತ ನಿಲ್ಲಿಸೋದು ಮಾತ್ರ ಬೇಡ, ತಲೆ ಸುತ್ತು, ತಲೇಲಿ ಕರೆಂಟ್ ಹೊಡೆದಂಗೆ ಆಗೋದು ಎಲ್ಲ ಬರುತ್ತೆ. ಕಲಾವಿದರ ಮೇಲೇನೇ ನೋಡಿದ ಒಂದು ಹಳೇ ಅಧ್ಯಯನ ಇದೆ, ನಿಮ್ಮ ಕಾಯಿಲೆದಲ್ಲ, ಬೈಪೋಲಾರ್‌ದು. ಮೊಗೆನ್ಸ್ ಶೌ ಅನ್ನೋ ಡೆನ್ಮಾರ್ಕಿನ ವೈದ್ಯರು 1979ರಲ್ಲಿ, ಬೈಪೋಲಾರ್‌ಗೆ ಕೊಡೋ ಲಿಥಿಯಂ ಅನ್ನೋ ಔಷಧಿ ತಗೊಳ್ತಿದ್ದ 24 ಕಲಾವಿದರನ್ನ ಕೇಳಿದ್ರು, ಕೆಲಸ ಹೆಂಗಾಗ್ತಿದೆ ಅಂತ. 12 ಜನ ಜಾಸ್ತಿ ಆಗಿದೆ ಅಂದ್ರು, 6 ಜನ ಹಂಗೇ ಇದೆ ಅಂದ್ರು, 6 ಜನ ಕಮ್ಮಿ ಆಗಿದೆ ಅಂದ್ರು. 24 ಜನ ಅಂದ್ರೆ ಚಿಕ್ಕ ಸಂಖ್ಯೆ, ಆದ್ರೂ ಕಾಲು ಭಾಗಕ್ಕೆ ಕಮ್ಮಿ ಆಯ್ತು ಅನ್ನೋದನ್ನೂ ಮುಚ್ಚಿಡದೇ ಹೇಳಿದ್ದಕ್ಕೆ ನಂಗೆ ಆ ಅಧ್ಯಯನ ಇಷ್ಟ.

ಬೈಪೋಲಾರ್ ವಿಷಯ ಬಂತಲ್ಲ, ಮಾತ್ರೆ ಶುರು ಮಾಡೋ ಮುಂಚೆ ನೀವು ಡಾಕ್ಟ್ರಿಗೆ ಹೇಳ್ಬೇಕಾದ್ದು ಒಂದಿದೆ, ಕಲೆ ಕಡೆಯೋರು ಇದನ್ನ ಹೇಳೋದೇ ಇಲ್ಲ ಯಾಕಂದ್ರೆ ಅವರಿಗದು ಕಾಯಿಲೆ ಅಂತಾನೇ ಅನ್ಸಿರಲ್ಲ. ಹಿಂದೆ ಯಾವಾಗ್ಲಾದ್ರೂ ಒಂದು ನಾಲ್ಕೈದು ದಿನ, ವಾರ, ಎರಡು ಮೂರು ಗಂಟೆ ಮಲಗಿದ್ರೂ ಸುಸ್ತೇ ಇಲ್ಲ, ತಲೇಲಿ ಐಡಿಯಾಗಳ ಜಾತ್ರೆ, ಒಂದೇ ಸಲ ಐದು ಪ್ರಾಜೆಕ್ಟ್ ಶುರು, ಮಾತು ನಿಲ್ತಿಲ್ಲ, ದುಡ್ಡು ನೀರಿನ ಥರ ಖರ್ಚು, ಹತ್ತಿರದೋರು ಏನಾಯ್ತೇ ನಿಂಗೆ ಅಂತ ಕೇಳೋ ಅಷ್ಟು, ಹಂಗೇನಾದ್ರೂ ಆಗಿತ್ತಾ? ಅದನ್ನ ನನ್ನ ಬೆಸ್ಟ್ ಟೈಮು ಅಂತ ನೆನಪಿಟ್ಕೊಂಡಿರ್ತಾರೆ ಹುಡುಗ್ರು. ಅದು ಬೈಪೋಲಾರಿನ ಏರು ಆಗಿದ್ರೆ ಡಿಪ್ರೆಶನ್ ಮಾತ್ರೆ ಒಂದನ್ನೇ ಕೊಟ್ಟಾಗ ಮನಸ್ಸು ಮತ್ತೆ ಆ ಕಡೆಗೆ ಹಾರಿಬಿಡೋ ಅಪಾಯ ಇರುತ್ತೆ, ಔಷಧಿಯ ಲೆಕ್ಕಾನೇ ಬೇರೆ ಆಗುತ್ತೆ. ಕೆಲಸದಲ್ಲಿ ಮುಳುಗಿ ಊಟ ಮರೆಯೋದು ಇದಲ್ಲ, ಅದು ಕೆಲಸ ಮುಗಿದ್ಮೇಲೆ ಚೆನ್ನಾಗಿ ನಿದ್ದೆ ತರುತ್ತೆ. ಇದ್ರಲ್ಲಿ ನಿದ್ದೇನೇ ಬೇಡ ಅನ್ಸುತ್ತೆ, ವ್ಯತ್ಯಾಸ ಅಲ್ಲಿದೆ.

ಡೈರಿ ಬರೆದ್ರೆ ಭಾರ ಜಾಸ್ತಿ ಆಗೋದು ಯಾಕೆ ಅಂತ. ಬರೆದ್ರೆ ಮನಸ್ಸು ಹಗುರ ಆಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ಆ ಮಾತಿನ ಹಿಂದಿರೋ ಸಂಶೋಧನೆ ಬಹುಪಾಲು ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರಿಂದ ಶುರುವಾಗಿದ್ದು, 1986ರಲ್ಲಿ ಮೊದಲನೇದು ಬಂತು. ಅದ್ರಲ್ಲಿ ವಿದ್ಯಾರ್ಥಿಗಳು ಜೀವನದಲ್ಲಾದ ದೊಡ್ಡ ಆಘಾತದ ಬಗ್ಗೆ ದಿನಕ್ಕೆ 15 ನಿಮಿಷ, ನಾಲ್ಕೇ ದಿನ ಬರೆದ್ರು. ನಾಲ್ಕೇ ದಿನ ಕಣ್ರೀ, ಎಂಟು ತಿಂಗಳಲ್ಲ. ಬರೆದ ತಕ್ಷಣ ಅವರಿಗೂ ಭಾರಾನೇ ಆಗಿತ್ತು, ಲಾಭ ಕಂಡಿದ್ದು ಮುಂದಿನ ತಿಂಗಳುಗಳಲ್ಲಿ, ಆಸ್ಪತ್ರೆ ಓಡಾಟ ಕಮ್ಮಿ ಆಗೋ ರೂಪದಲ್ಲಿ. ಆಮೇಲೆ ನೂರಾರು ಅಧ್ಯಯನ ಆಗಿ ಒಟ್ಟುಗೂಡಿಸಿದಾಗ ಲಾಭ ಇದೆ ಆದ್ರೆ ಚಿಕ್ಕದು ಅಂತ ತಿಳೀತು. ನಿಮಗೆ ಬೇಕಾಗಿರೋದು ಇದು, ಯಾರಿಗೆ ಲಾಭ ಆಯ್ತು ಅಂತ ಬರಹಗಳನ್ನೇ ತೆಗೆದು ನೋಡಿದಾಗ, ದಿನ ಕಳೆದಂಗೆ ಬರಹದಲ್ಲಿ ಯಾಕಂದ್ರೆ, ಅದಕ್ಕೇ, ಈಗ ಅರ್ಥ ಆಗುತ್ತೆ ಅನ್ನೋ ಥರದ ಪದಗಳು ಹೆಚ್ಚಾಗ್ತಾ ಹೋದೋರಿಗೆ. ಮೊದಲ ದಿನಾನೂ ಕೊನೇ ದಿನಾನೂ ಅದೇ ವಾಕ್ಯ ಬರೆದೋರಿಗೆ ಅಲ್ಲ. ಒಂದೇ ನೋವನ್ನ ಮೆಲುಕು ಹಾಕ್ತಾ ಕೂರೋದಕ್ಕೆ ರೂಮಿನೇಶನ್ ಅಂತೀವಿ, ಅದು ಡಿಪ್ರೆಶನ್ನನ್ನ ಉದ್ದ ಮಾಡುತ್ತೆ ಅಂತ ಸೂಸನ್ ನೋಲೆನ್ ಹೋಕ್ಸೆಮಾ ಅನ್ನೋರು 1990ರ ದಶಕದಿಂದ ತೋರಿಸ್ತಾ ಬಂದ್ರು. ನಿಮ್ಮ ಡೈರಿಯ ಮೂರು ತಿಂಗಳ ಹಿಂದಿನ ಪುಟಾನೂ ನಿನ್ನೆ ಪುಟಾನೂ ಪಕ್ಕಪಕ್ಕ ಇಟ್ಟು ನೋಡಿ, ತಾರೀಖು ಮುಚ್ಚಿದ್ರೆ ಯಾವುದು ಯಾವತ್ತಿಂದು ಗೊತ್ತಾಗಲ್ಲ ಅಂದ್ರೆ ಸದ್ಯಕ್ಕೆ ಆ ಡೈರಿ ಮುಚ್ಚಿಡಿ. ಬರೀಲೇಬೇಕು ಅನ್ಸಿದ್ರೆ ನಿಮ್ಮ ಬಗ್ಗೆ ಬರೀಬೇಡಿ, ಇವತ್ತು ಕಣ್ಣಿಗೆ ಬಿದ್ದ ಒಂದು ವಸ್ತು ಬಗ್ಗೆ ಐದು ಸಾಲು, ಅದ್ರ ಬಣ್ಣ, ಅದ್ರ ನೆರಳು, ಅಷ್ಟೇ. ನೀವು ಚಿತ್ರ ಬಿಡಿಸೋರು, ಇದು ನಿಮಗೆ ಬರುತ್ತೆ.

ಓದೋದಕ್ಕೆ ಮತ್ತೆ ಹೆಂಗೆ ಹತ್ರ ಹೋಗೋದು? ಕಾಲು ಮುರಿದೋರಿಗೆ ಓಡು ಅನ್ನಲ್ಲ ತಾನೆ, ಈ ವರ್ಷ ಇಷ್ಟು ಪುಸ್ತಕ ಅನ್ನೋ ಟಾರ್ಗೆಟ್ ಇದ್ರೆ ಇವತ್ತೇ ತೆಗ್ದಾಕಿ. ಹೊಸ ಕಾದಂಬರಿ ಬೇಡ, ಮೊದ್ಲು ಓದಿ ಇಷ್ಟಪಟ್ಟಿದ್ದನ್ನೇ ಮತ್ತೆ ಓದಿ, ಚಿಕ್ಕವರಿದ್ದಾಗ ಓದಿದ್ದಾದ್ರೂ ಸರಿ, ಕತೆ ಗೊತ್ತಿರೋದ್ರಿಂದ ಆ ಚಿಕ್ಕ ಜಾಗದ ಮೇಲೆ ಹೊರೆ ಬೀಳಲ್ಲ. ಪದ್ಯ ಓದಿ, ಒಂದು ಪದ್ಯಕ್ಕೆ ಹಿಂದಿನ ಅಧ್ಯಾಯ ನೆನಪಿಡೋ ಕೆಲಸ ಇಲ್ಲ. ಜೋರಾಗಿ ಓದಿ, ಬಾಯಿ ಓದ್ತಿದ್ರೆ ತಲೇಲಿರೋ ಆ ಇನ್ನೊಂದು ದನಿಗೆ ಮಾತಾಡೋದು ಕಷ್ಟ ಆಗುತ್ತೆ, ನಂಗಂತೂ ಇದು ಬೇರೆ ಎಲ್ಲ ಉಪಾಯಕ್ಕಿಂತ ಇಷ್ಟ. ಆಡಿಯೋ ಬುಕ್ ಕೇಳೋದು ಮೋಸ ಅನ್ಕೋಬೇಡಿ. ಓದಿಂದಾನೇ ಕಾಯಿಲೆ ವಾಸಿ ಆಗುತ್ತಾ ಅಂತ ಕೇಳಿದ್ರೆ, ಬಿಬ್ಲಿಯೋಥೆರಪಿ ಅನ್ನೋ ಪದ 1916ರಿಂದ ಇದೆ, ಗಟ್ಟಿ ಪುರಾವೆ ಇರೋದು ಥೆರಪಿಯ ಅಭ್ಯಾಸಗಳನ್ನ ಹೇಳ್ಕೊಡೋ ಪುಸ್ತಕಗಳಿಗೆ, ಅದೂ ಯಾರಾದ್ರೂ ಮಾರ್ಗದರ್ಶನ ಮಾಡ್ತಿದ್ರೆ. ಕತೆ ಕಾದಂಬರಿಗೆ ಅಂಥ ಪುರಾವೆ ಅಷ್ಟಿಲ್ಲ, ಇರ್ಬೇಕಾಗೂ ಇಲ್ಲ, ಔಷಧಿ ಅಂತ ಓದಿದ್ರೆ ಕಾದಂಬರೀನೂ ಕಹಿ ಆಗುತ್ತೆ.

ಕೆಲಸದ ವಿಷಯಕ್ಕೆ, ಮೂಡ್ ಬಂದ್ರೆ ಕೂರ್ತೀನಿ ಅನ್ನೋ ಕ್ರಮ ಡಿಪ್ರೆಶನ್ನಲ್ಲಿ ನಡೆಯಲ್ಲ, ಯಾಕಂದ್ರೆ ಈ ಕಾಯಿಲೆ ಮೊದ್ಲು ಕದಿಯೋದೇ ಮೂಡನ್ನ. ಮೊದ್ಲು ಕೈ ಆಡ್ಬೇಕು, ಮನಸ್ಸು ಹಿಂದಿನ ಬಸ್ಸಿಗೆ ಬರುತ್ತೆ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರು, 1996ರಲ್ಲಿ ನೀಲ್ ಜೇಕಬ್ಸನ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡದೋರು ಕಾಗ್ನಿಟಿವ್ ಥೆರಪಿಯ (ಯೋಚನೆಯ ರೀತಿ ತಿದ್ದೋ ಮಾತಿನ ಚಿಕಿತ್ಸೆ) ಭಾಗಗಳನ್ನ ಬಿಡಿಸಿ ಹೋಲಿಸಿದಾಗ, ಬರೀ ಈ ಚಟುವಟಿಕೆ ಭಾಗ ಸಿಕ್ಕೋರೂ ಪೂರ್ತಿ ಥೆರಪಿ ಸಿಕ್ಕೋರಷ್ಟೇ ಸುಧಾರಿಸಿದ್ರು. ದಿನಾ ಒಂದೇ ಹೊತ್ತಿಗೆ ಹತ್ತು ನಿಮಿಷ, ಅಂಗೈಯಗಲದ ಕಾಗದ, ಒಂದೇ ಪೆನ್ನು, ಚೆನ್ನಾಗಿ ಬರ್ಬೇಕು ಅನ್ನೋ ಷರತ್ತಿಲ್ಲ, ಹತ್ತು ನಿಮಿಷ ಆದ್ಮೇಲೆ ಇನ್ನೂ ಮಾಡ್ಬೇಕು ಅನ್ಸಿದ್ರೂ ಎದ್ದುಬಿಡಿ, ನಾಳೆಗೆ ಸ್ವಲ್ಪ ಹಸಿವಿರ್ಲಿ. ರಾತ್ರಿ ಎರಡು ಗಂಟೆಗೇ ನನ್ನ ಕೈ ಓಡೋದು ಅನ್ನೋ ಕತೆ ಬೇಡ, ನಿದ್ದೆ ಹಾಳಾದ್ರೆ ಇದ್ಯಾವುದೂ ಕೆಲಸಕ್ಕೆ ಬರಲ್ಲ.

ಡಾಕ್ಟ್ರ ಹತ್ರ ಹೋಗುವಾಗ ಸ್ಕೆಚ್‌ಬುಕ್ ತಗೊಂಡೇ ಹೋಗಿ, ತಮಾಷೆಗಲ್ಲ. ಮಾತ್ರೆ ಶುರು ಮಾಡೋ ಮುಂಚಿನ ಎರಡು ವಾರ, ಆಮೇಲಿನ ಎಂಟು ವಾರ, ಆ ಹತ್ತು ನಿಮಿಷದ ಚಿತ್ರಗಳಿಗೆ ತಾರೀಖು ಹಾಕಿ, ಹಿಂದೆ ಎರಡೇ ಮಾತು ಬರೀರಿ, ನಿದ್ದೆ ಎಷ್ಟು, ಮನಸ್ಸು ಹತ್ತಕ್ಕೆ ಎಷ್ಟು. ಆರಾಮಾದ್ರೆ ಕಲೆ ಹೋಗುತ್ತಾ ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಮಾತಿಗಿಂತ ಮುಂಕ್ ಕತೆಗಿಂತ ಅದು ಒಳ್ಳೇ ಸಾಕ್ಷಿ, ಮಂಕಾಗ್ತಿದೆ ಅನ್ಸಿದ್ರೂ ಡಾಕ್ಟ್ರ ಮುಂದೆ ಇಡೋಕೆ ಕೈಯಲ್ಲಿ ಏನಾದ್ರೂ ಇರುತ್ತೆ.

ಆ ಹದಿನಾಲ್ಕನ್ನ ಹರೀಬೇಡಿ. ಮುಗಿಸ್ಬೇಕು ಅಂತಾನೂ ಇಲ್ಲ. ಹಿಂದೆ ತಾರೀಖು ಬರೆದು, ದಾರ ಕಟ್ಟಿ, ಕಣ್ಣಿಗೆ ಬೀಳದ ಕಡೆ ಇಟ್ಬಿಡಿ, ಆರು ತಿಂಗಳು ಬಿಟ್ಟು ತೆಗೆದು ನೋಡಿದಾಗಲೂ ಸಿಟ್ಟು ಬಂದ್ರೆ ಆಗ ನನ್ನನ್ನ ಕೇಳ್ದೇ ಹರೀರಿ.